ಎಬ್ಬಿಸುವ ಮೊದಲು ಒಮ್ಮೆ ನೋಡು

ರಾತ್ರಿ ಎರಡು ಗಂಟೆಗೆ ನಿನ್ನ ಫೋನು ಹೊಡೆದುಕೊಳ್ಳುತ್ತದೆ. ಕ್ಲೌಡಿನಲ್ಲಿ ಒಂದು ಹೋಸ್ಟ್ ಸರ್ವರ್ ಬಿದ್ದಿದೆ. ಅದರ ಮೇಲೆ ಓಡುತ್ತಿದ್ದ ವರ್ಚುವಲ್ ಮಷಿನ್‌ಗಳೆಲ್ಲ (ವಿಎಂಗಳು) ಒಟ್ಟಿಗೆ ಬಾಯಿ ಮುಚ್ಚಿವೆ. ನೀನು ಏನು ಮಾಡುತ್ತೀ ಎಂದು ನನಗೆ ಚೆನ್ನಾಗಿ ಗೊತ್ತು. ಕಣ್ಣುಜ್ಜಿಕೊಳ್ಳುವ ಮೊದಲೇ ಲ್ಯಾಪ್‌ಟಾಪ್ ತೆರೆಯುತ್ತೀ. ಕಂಡ ಮೊದಲ ಗುಂಡಿ ಒತ್ತುತ್ತೀ. ರೀಸ್ಟಾರ್ಟ್. ಕೇಳಲಿಲ್ಲವೋ, ಇನ್ನೊಮ್ಮೆ. ಅದಕ್ಕೂ ಬಗ್ಗಲಿಲ್ಲವೋ, ಫೋರ್ಸ್ ಸ್ಟಾಪ್.

ಮಗೂ, ಆ ಕೈಯನ್ನು ಸ್ವಲ್ಪ ತಡೆ.

ನಿನ್ನ ಚುರುಕುತನವನ್ನು ನಾನು ಬಯ್ಯುವವನಲ್ಲ. ಕಾಸರಗೋಡಿನಿಂದ ಸಂಜೆಯ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ, ಕೊಚ್ಚಿಯಲ್ಲಿ ಇಳಿದು ಕಾಕ್ಕನಾಡಿನ ಇನ್ಫೋಪಾರ್ಕಿಗೆ ಹೋದವರು, ಬೆಳಗಿನ ತನಕ ಕೂತು ತಿರುವನಂತಪುರದ ಟೆಕ್ನೋಪಾರ್ಕಿಗೆ ಹೋದವರು, ನಿನ್ನಂಥ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳಂ, ಮೀಟಿಂಗಿನಲ್ಲಿ ಇಂಗ್ಲಿಷ್. ಎಲ್ಲವನ್ನೂ ಸರಾಗವಾಗಿ ಕಲಿತಿರಿ. ಒಂದು ಮಾತ್ರ ಕಲಿಯಲಿಲ್ಲ: ಸುಮ್ಮನೆ ಹತ್ತು ನಿಮಿಷ ನೋಡುವುದು. ನಾನು ಕಂಡ ಮಟ್ಟಿಗೆ, ಕೆಟ್ಟುಹೋದ ಸರ್ವರಿನಿಂದ ಕಳೆದ ದತ್ತಾಂಶಕ್ಕಿಂತ ಅದನ್ನು ಸರಿಮಾಡಲು ಹೋದ ಅವಸರದಿಂದ ಕಳೆದದ್ದೇ ಹೆಚ್ಚು. ಹಾಗಾಗಿ ಕೇಳು.

ಮೊದಲು ಕೇಳಬೇಕಾದ ಪ್ರಶ್ನೆ, ಬಿದ್ದದ್ದು ನಿಜವಾಗಿ ಬಿದ್ದಿದೆಯೇ? ನಿನ್ನ ಪರದೆಯಲ್ಲಿ ಹೋಸ್ಟ್ ಕೆಂಪಗಾಗಿದೆ ಎಂದರೆ ನಿನಗೆ ಅದು ಕಾಣಿಸುತ್ತಿಲ್ಲ ಎಂದಷ್ಟೇ ಅರ್ಥ. ಆಡಳಿತದ ನೆಟ್‌ವರ್ಕ್ ಕೇಬಲ್ ಒಂದು ಸಡಿಲಾಗಿರಬಹುದು, ಸ್ವಿಚ್ ಒಂದು ಕೈಕೊಟ್ಟಿರಬಹುದು. ಒಳಗೆ ಆ ಹೋಸ್ಟ್ ಆರಾಮಾಗಿ ಓಡುತ್ತಿರಬಹುದು, ಅದರ ಮೇಲಿನ ವಿಎಂಗಳು ಶೇರ್ಡ್ ಸ್ಟೋರೇಜಿಗೆ ಬರೆಯುತ್ತಲೇ ಇರಬಹುದು. ನೀನು ಅದೇ ವಿಎಂ ಅನ್ನು ಬೇರೊಂದು ಹೋಸ್ಟಿನ ಮೇಲೆ ಎಬ್ಬಿಸಿದೆ ಎಂದುಕೋ. ಈಗ ಒಂದೇ ಡಿಸ್ಕಿಗೆ ಇಬ್ಬರು ಒಡೆಯರು. ಒಂದೇ ಲೆಕ್ಕದ ಪುಸ್ತಕದ ಒಂದೇ ಪುಟದಲ್ಲಿ ಇಬ್ಬರು ಗುಮಾಸ್ತರು ಒಬ್ಬರನ್ನೊಬ್ಬರು ನೋಡದೆ ಬರೆದ ಹಾಗೆ. ಕೆಲವೇ ನಿಮಿಷಗಳಲ್ಲಿ ಫೈಲ್ ಸಿಸ್ಟಂ ಚಿಂದಿಯಾಗುತ್ತದೆ, ಯಾವ ರಿಪೇರಿಗೂ ಸಿಗುವುದಿಲ್ಲ. ಹೋಸ್ಟ್ ಬಿದ್ದಾಗ ಏನೂ ಕಳೆದಿರಲಿಲ್ಲ. ಕಳೆದದ್ದು ನೀನು ಎಬ್ಬಿಸಿದಾಗ.

ಅದಕ್ಕೇ ಕ್ಲಸ್ಟರ್ ಕಟ್ಟಿದ ಹಿರಿಯರು ಫೆನ್ಸಿಂಗ್ ಎಂಬ ಕಟ್ಟಲೆ ಮಾಡಿಟ್ಟರು. ಅನುಮಾನ ಇರುವ ಹೋಸ್ಟಿನ ವಿದ್ಯುತ್ತನ್ನು ಅದರ ಮ್ಯಾನೇಜ್‌ಮೆಂಟ್ ಕಾರ್ಡಿನ ಮೂಲಕ ಮೊದಲು ಕಡಿ, ಕಡಿದದ್ದು ಖಾತ್ರಿಯಾದ ಮೇಲೆ ಉಳಿದದ್ದು. ಓಪನ್‌ಸ್ಟ್ಯಾಕ್‌ನಲ್ಲಿ ಇವ್ಯಾಕ್ಯುಯೇಟ್ ಎಂಬ ಆಜ್ಞೆ ಇದೆಯಲ್ಲ, ಬಿದ್ದ ಹೋಸ್ಟಿನ ವಿಎಂಗಳನ್ನು ಇನ್ನೊಂದರ ಮೇಲೆ ಎಬ್ಬಿಸುವುದು, ಅದನ್ನು ಕೊಡುವುದಕ್ಕೂ ಇದೇ ಷರತ್ತು. ಕೊಡುವ ಮೊದಲು ಹಳೆಯ ಹೋಸ್ಟ್ ಸತ್ತಿರಬೇಕು, ಸತ್ತದ್ದು ನಿನಗೆ ತಿಳಿದಿರಬೇಕು. ಅಂದಾಜಿಗೆ ಕೊಡುವ ಆಜ್ಞೆ ಅದಲ್ಲ.

ಎರಡನೆಯದು, ಡಿಸ್ಕ್ ಎಲ್ಲಿದೆ? ಇದಕ್ಕೆ ಉತ್ತರ ಗೊತ್ತಿಲ್ಲದೆ ಯಾವ ಗುಂಡಿಯನ್ನೂ ಮುಟ್ಟಬೇಡ. ಡಿಸ್ಕ್ ಸೆಫ್‌ನಂಥ ಹಂಚಿದ ಸ್ಟೋರೇಜಿನಲ್ಲಿದ್ದರೆ, ಸಾಮಾನ್ಯವಾಗಿ ಬೇರೆಬೇರೆ ಹೋಸ್ಟ್‌ಗಳಲ್ಲಿ ಮೂರು ಪ್ರತಿ ಇರುತ್ತದೆ. ಆಗ ವಿಎಂ ಅನ್ನು ಇನ್ನೊಂದು ಕಡೆ ಎಬ್ಬಿಸಿದರೆ ಒಳಗಿದ್ದದ್ದು ಹಾಗೇ ಸಿಗುತ್ತದೆ. ಡಿಸ್ಕ್ ಬಿದ್ದ ಹೋಸ್ಟಿನ ಹೊಟ್ಟೆಯೊಳಗೇ ಇದ್ದರೆ ಕಥೆಯೇ ಬೇರೆ. ನೀನು ರೀಬಿಲ್ಡ್ ಕೊಡುತ್ತೀ, ಹಳೆಯ ಹೆಸರಿನ ಹೊಸ ಯಂತ್ರ ಎದ್ದು ಬರುತ್ತದೆ, ಪರದೆ ಹಸಿರಾಗುತ್ತದೆ, ನೀನು ಚಹಾ ಕುಡಿಯಲು ಹೋಗುತ್ತೀ. ಒಳಗೆ ಖಾಲಿ. ಅಮೆಜಾನ್ ಕ್ಲೌಡಿನಲ್ಲೂ ಹೀಗೇ. ರೀಬೂಟ್ ಮಾಡಿದರೆ ಯಂತ್ರ ಅದೇ ಹಾರ್ಡ್‌ವೇರಿನ ಮೇಲೆ ಉಳಿಯುತ್ತದೆ. ಹಾರ್ಡ್‌ವೇರೇ ಕೆಟ್ಟಿದ್ದರೆ ನೂರು ಸಲ ರೀಬೂಟ್ ಮಾಡಿಯೂ ಪ್ರಯೋಜನ ಇಲ್ಲ. ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಬೇರೆ ಹಾರ್ಡ್‌ವೇರಿಗೆ ಹೋಗುತ್ತದೆ. ಆದರೆ ಹೋಸ್ಟಿನ ಒಳಗೇ ಇರುವ ಇನ್‌ಸ್ಟೆನ್ಸ್ ಸ್ಟೋರಿನಲ್ಲಿ ಇಟ್ಟದ್ದೆಲ್ಲ ಆ ಸ್ಟಾಪ್ ಗುಂಡಿಯ ಜೊತೆಗೇ ಹೋಗುತ್ತದೆ. ಹೋಸ್ಟಿನ ಹೊರಗಿರುವ ಇಬಿಎಸ್ ವಾಲ್ಯೂಮಿನಲ್ಲಿ ಇಟ್ಟದ್ದು ಉಳಿಯುತ್ತದೆ. ಎರಡು ಗುಂಡಿಗಳ ನಡುವೆ ಇಷ್ಟು ದೊಡ್ಡ ವ್ಯತ್ಯಾಸ. ಇದನ್ನು ಹಗಲು ಹೊತ್ತಿನಲ್ಲಿ, ತಲೆ ತಣ್ಣಗಿರುವಾಗ ಓದಿಕೊಂಡಿರು. ನಿದ್ದೆಗಣ್ಣಲ್ಲಿ ಕೈಪಿಡಿ ತಲೆಗೆ ಹತ್ತುವುದಿಲ್ಲ.

ಮೂರನೆಯದನ್ನು ನಾನು ನಿನಗೆ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ರಿಪೇರಿ ಮಾಡುವ ಮೊದಲು ಪ್ರತಿ ಮಾಡಿಕೋ. ಕೆಟ್ಟ ಡಿಸ್ಕಿನದ್ದಾದರೂ ಸರಿ, ಅರ್ಧಂಬರ್ಧ ಡಿಸ್ಕಿನದ್ದಾದರೂ ಸರಿ, ಮೊದಲು ಒಂದು ಸ್ನ್ಯಾಪ್‌ಶಾಟ್. ಭೌತಿಕ ಡಿಸ್ಕೇ ಸಾಯುತ್ತಿದ್ದರೆ ಡಿಡಿರೆಸ್ಕ್ಯೂನಂಥ ಸಾಧನದಿಂದ ಓದಲು ಬರುವಷ್ಟನ್ನು ಎತ್ತಿಕೊಂಡು ಬಾ. ಆ ಪ್ರತಿಯನ್ನು ಬೇರೊಂದು ರೆಸ್ಕ್ಯೂ ವಿಎಂಗೆ ಜೋಡಿಸು, ಓದಲು ಮಾತ್ರ ಎಂಬಂತೆ ಮೌಂಟ್ ಮಾಡು, ನೋಡು. ಫೈಲ್ ಸಿಸ್ಟಂ ಪರೀಕ್ಷಿಸುವ ಎಫ್‌ಎಸ್‌ಸಿಕೆ ಓಡಿಸುವುದಾದರೆ ಮೊದಲು ಏನನ್ನೂ ಬದಲಿಸದೆ ವರದಿ ಮಾತ್ರ ಕೊಡುವ ರೀತಿಯಲ್ಲಿ ಓಡಿಸು. ಅದು ಪ್ರಶ್ನೆ ಕೇಳಿದ ಕೂಡಲೇ ಎಲ್ಲದಕ್ಕೂ ‘ವೈ’ ಒತ್ತುವ ಚಾಳಿ ನಿನಗಿದೆ, ನಾನು ನೋಡಿದ್ದೇನೆ. ರಿಪೇರಿ ಎಂಬುದು ಬರೆಯುವ ಕೆಲಸ. ಬರೆದದ್ದನ್ನು ಅಳಿಸಿ ಹಿಂದಕ್ಕೆ ಹೋಗಲು ಆಗುವುದಿಲ್ಲ. ಪ್ರತಿಯ ಮೇಲೆ ಎಷ್ಟು ಬೇಕಾದರೂ ಪ್ರಯೋಗ ಮಾಡು, ಮೂಲದ ಮೇಲೆ ಕೈ ಇಡಬೇಡ.

ಡೇಟಾಬೇಸಿನ ವಿಷಯದಲ್ಲಂತೂ ಇನ್ನೂ ಎಚ್ಚರ. ಪೋಸ್ಟ್‌ಗ್ರೆಸ್ ಆಗಲಿ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಆಗಲಿ, ಕರೆಂಟು ಹೋದಂತೆ ನಿಂತರೆ ಮತ್ತೆ ಎದ್ದಾಗ ತನ್ನ ಲಾಗನ್ನು ತಾನೇ ಓದಿ ಅರ್ಧದಲ್ಲಿ ನಿಂತ ಕೆಲಸವನ್ನು ಸರಿಪಡಿಸಿಕೊಳ್ಳುತ್ತದೆ. ಅದಕ್ಕೆ ಸಮಯ ಬೇಕು. ದೊಡ್ಡ ಡೇಟಾಬೇಸಾದರೆ ತುಂಬಾ ಹೊತ್ತು ಬೇಕು. ಮ್ಯಾನೇಜರು ಫೋನಿನಲ್ಲಿ ಕೂಗುತ್ತಿರುತ್ತಾರೆ, ಪರದೆ ಅಲ್ಲಾಡುತ್ತಿರುವುದಿಲ್ಲ. ಆಗ ಯಾರೋ ಒಬ್ಬ ಬುದ್ಧಿವಂತ, “ಆ ಲಾಗ್ ಫೈಲುಗಳನ್ನು ಅಳಿಸಿಬಿಟ್ಟರೆ ಬೇಗ ಎದ್ದೇಳುತ್ತದೆ” ಎನ್ನುತ್ತಾನೆ. ಎಷ್ಟೋ ಸಲ ಅದು ಏಳುವುದೇ ಇಲ್ಲ. ಬಲವಂತ ಮಾಡಿದರೆ ಏಳಬಹುದು. ಆದರೆ ಕೊನೆಯ ಘಳಿಗೆಯ ವ್ಯವಹಾರಗಳು ಹೋಗಿರುತ್ತವೆ, ಉಳಿದದ್ದರಲ್ಲಿ ಯಾವುದು ನಿಜ ಯಾವುದು ಸುಳ್ಳು ಎಂಬ ಗುರುತೂ ಸಿಗುವುದಿಲ್ಲ. ಕಾಯುವುದು ಕೆಲಸವಲ್ಲ ಎಂದು ನಿನಗೆ ಅನ್ನಿಸುತ್ತದೆ. ಅಂಥ ಹೊತ್ತಿನಲ್ಲಿ ಕಾಯುವುದೇ ಕೆಲಸ.

ಹಾಗೆಯೇ, ಎಲ್ಲ ಸರಿ ಇದ್ದೂ ವಿಎಂ ಬೂಟ್ ಆಗದೆ ನಿಲ್ಲುವುದುಂಟು. ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಸ್ಟ್ಯಾಬ್‌ನಲ್ಲಿ ಬರೆದ ಎರಡನೆಯ ಡಿಸ್ಕ್ ಜೋಡಣೆಯಾಗಿಲ್ಲ, ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿದೆ, ಐಪಿ ಬೇರೆಯಾಗಿದೆ. ಕನ್ಸೋಲಿನ ಕೊನೆಯ ಹತ್ತು ಸಾಲು ಓದಿದರೆ ಗೊತ್ತಾಗುವ ವಿಷಯ. ಓದು.

ಈಗ ನಿನಗೊಂದು ನಿಜವಾದ ಕಥೆ ಹೇಳುತ್ತೇನೆ. 2017ರ ಜನವರಿ 31ರ ರಾತ್ರಿ, ಗಿಟ್‌ಲ್ಯಾಬ್ ಕಂಪನಿಯಲ್ಲಿ. ದಿನವಿಡೀ ದುಡಿದು ದಣಿದಿದ್ದ ಒಬ್ಬ ಎಂಜಿನಿಯರು ಹಿಂದೆ ಬಿದ್ದಿದ್ದ ಎರಡನೆಯ ಡೇಟಾಬೇಸ್ ಸರ್ವರಿನ ಫೋಲ್ಡರನ್ನು ಅಳಿಸಲು ಹೊರಟ. ಆಜ್ಞೆ ಕೊಟ್ಟದ್ದು ಮೊದಲನೆಯದರ ಮೇಲೆ. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದ, ಆದರೆ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್. ಸರಿ, ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರು. ದಿನದಿನದ ಬ್ಯಾಕಪ್ ಇರಬೇಕಾದ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಪ್ರೋಗ್ರಾಮಿನ ಆವೃತ್ತಿಗೂ ಡೇಟಾಬೇಸಿನ ಆವೃತ್ತಿಗೂ ಹೊಂದಿಕೆಯಾಗದೆ ಅದು ಸುಮ್ಮನೆ ಸೋಲುತ್ತಿತ್ತು. ಸೋತಿದೆ ಎಂದು ಹೇಳುವ ಇಮೇಲುಗಳೂ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಬೇರೆ ದಾರಿಗಳೂ ಕೈಕೊಟ್ಟವು. ಕೊನೆಗೆ ಕಾಪಾಡಿದ್ದು ಅದೇ ಎಂಜಿನಿಯರು ಸುಮಾರು ಆರು ಗಂಟೆ ಮೊದಲು ಇನ್ಯಾವುದೋ ಪರೀಕ್ಷೆಗೆಂದು ಕೈಯಾರೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್. ಆರು ಗಂಟೆಯ ದತ್ತಾಂಶ ಹೋಯಿತು, ಉಳಿದದ್ದು ಬಂತು.

ನಾನು ಈ ಕಥೆ ಹೇಳುವುದು ಆ ಎಂಜಿನಿಯರಿನ ತಪ್ಪು ಎಣಿಸುವುದಕ್ಕಲ್ಲ. ಆಮೇಲೆ ಅವರು ಮಾಡಿದ್ದು ನೋಡು. ಏನಾಯಿತು ಎಂಬುದನ್ನು ಎಲ್ಲರೂ ಓದಬಹುದಾದ ಒಂದು ಕಡತದಲ್ಲಿ ಆಗಿಂದಾಗ ಬರೆಯುತ್ತಾ ಹೋದರು. ರಿಪೇರಿಯ ಕೆಲಸವನ್ನೇ ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಆ ಹುಡುಗನ ಹೆಸರನ್ನು ಬೀದಿಗೆ ಎಳೆಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಬಳಸುವವರಲ್ಲಿ ಹಲವರು ಕೋಪಗೊಂಡರೂ ನಂಬಿಕೆ ಕಳೆದುಕೊಳ್ಳಲಿಲ್ಲ. ನಿನ್ನ ಟೀಮಿನಲ್ಲಿ ಯಾರಾದರೂ ಹೀಗೆ ಎಡವಿದರೆ ಮೊದಲು ಅವರ ಪಕ್ಕದಲ್ಲಿ ಕುಳಿತುಕೋ. ಏನು ಟೈಪ್ ಮಾಡಿದರು ಎಂಬುದು ನಿಜವಾಗಿ ಗೊತ್ತಿರುವುದು ಅವರೊಬ್ಬರಿಗೇ. ಹೆದರಿಸಿದರೆ ಆ ಮಾಹಿತಿಯೂ ಹೋಯಿತು.

ಇನ್ನು ಕೀಲಿಯ ಮಾತು. 2024ರ ಜುಲೈ 19 ನಿನಗೇ ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಕಂಪನಿ 78 ನಿಮಿಷದಲ್ಲಿ ಆ ಫೈಲನ್ನು ಹಿಂತೆಗೆದುಕೊಂಡಿತು; ಆದರೆ ಆಗಲೇ ಬಿದ್ದಿದ್ದ ಯಂತ್ರಗಳು ತಾವಾಗಿ ಏಳಲಾರದ ಸ್ಥಿತಿಯಲ್ಲಿದ್ದವು. ಕ್ಲೌಡಿನಲ್ಲಿದ್ದ ವಿಎಂಗಳಿಗೆ ಸೇಫ್ ಮೋಡಿಗೆ ಹೋಗು ಎಂದು ಗುಂಡಿ ಒತ್ತುವವರು ಯಾರು? ಹಾಗಾಗಿ ಒಂದೊಂದೇ ವಿಎಂ ನಿಲ್ಲಿಸಿ, ಅದರ ಡಿಸ್ಕ್ ಕಳಚಿ, ಒಳ್ಳೆಯದೊಂದು ವಿಎಂಗೆ ಜೋಡಿಸಿ, ಆ ಫೈಲನ್ನು ಹುಡುಕಿ ಅಳಿಸಿ, ಡಿಸ್ಕನ್ನು ಮತ್ತೆ ಮೊದಲಿನ ಜಾಗಕ್ಕೆ ಹಾಕಿ ಎಬ್ಬಿಸಿದರು. ನಾನು ಮೇಲೆ ಹೇಳಿದ ರೆಸ್ಕ್ಯೂ ವಿಎಂನ ವಿದ್ಯೆ ಗೊತ್ತಿದ್ದವರಿಗೆ ಅದು ಬೇಸರದ ಕೆಲಸ, ಗೊತ್ತಿಲ್ಲದವರಿಗೆ ಕಣ್ಣೀರು. ಬಿಟ್‌ಲಾಕರ್ ಹಾಕಿ ಡಿಸ್ಕ್ ಮುಚ್ಚಿಟ್ಟವರು ರಿಕವರಿ ಕೀಲಿ ಹುಡುಕಬೇಕಾಯಿತು. ಆ ಕೀಲಿಗಳನ್ನು ಇಟ್ಟಿದ್ದ ಸರ್ವರ್ ಕೂಡ ಅದೇ ನೀಲಿ ಪರದೆ ತೋರಿಸುತ್ತಿದ್ದರೆ?

ಇದನ್ನು ಯೋಚಿಸಿ ನೋಡು. ನಿನ್ನ ಬ್ಯಾಕಪ್ ಸಾಫ್ಟ್‌ವೇರ್ ಓಡುವುದು ಯಾವ ಹೋಸ್ಟಿನ ಮೇಲೆ? ಪಾಸ್‌ವರ್ಡುಗಳ ಪೆಟ್ಟಿಗೆ ಎಲ್ಲಿದೆ? “ಸರ್ವರ್ ಬಿದ್ದರೆ ಏನು ಮಾಡಬೇಕು” ಎಂದು ನೀನು ಚಂದ ಬರೆದಿಟ್ಟ ಪುಟ ಯಾವ ಸರ್ವರಿನಲ್ಲಿದೆ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾದಾಗ ಅವರ ಒಳಗಿನ ಸಾಧನಗಳೂ ಅದೇ ಜಾಲವನ್ನು ನಂಬಿಕೊಂಡಿದ್ದವು. ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಿ ಒಳಹೊಕ್ಕು ಸರಿಮಾಡಬೇಕಾಯಿತು. ಆ ಒಂದು ಪುಟವನ್ನು ಕಾಗದದಲ್ಲಿ ಪ್ರಿಂಟ್ ತೆಗೆದು ಇಟ್ಟುಕೋ. ಹಳೆಯ ಕಾಲದವರು ಎಂದು ನಗಬೇಡ. ಬಾಸ್‌ನ, ಕ್ಲೌಡ್ ಸಪೋರ್ಟಿನ, ಕರೆಂಟಿನವರ ಫೋನ್ ನಂಬರೂ ಅದರಲ್ಲೇ ಇರಲಿ.

ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ನೀನು ಎಲ್ಲ ವಿಎಂಗಳನ್ನೂ ಆಯ್ಕೆ ಮಾಡಿ ಒಟ್ಟಿಗೆ ಸ್ಟಾರ್ಟ್ ಒತ್ತುವ ಪೈಕಿ. ಎಲ್ಲವೂ ಒಮ್ಮೆಗೇ ಡಿಸ್ಕಿಗೆ ಮುಗಿಬಿದ್ದರೆ ಸ್ಟೋರೇಜ್ ಉಸಿರುಗಟ್ಟುತ್ತದೆ, ಒಂದೂ ಸರಿಯಾಗಿ ಏಳುವುದಿಲ್ಲ. ಮೊದಲು ಹೆಸರು ಹುಡುಕಿಕೊಡುವ ಡಿಎನ್‌ಎಸ್, ಗಡಿಯಾರ ಹೊಂದಿಸುವ ಸೇವೆ, ಲಾಗಿನ್ ನೋಡಿಕೊಳ್ಳುವ ಡೈರೆಕ್ಟರಿ. ಆಮೇಲೆ ಡೇಟಾಬೇಸ್. ಅದು ನೆಟ್ಟಗೆ ನಿಂತ ಮೇಲೆ ಅಪ್ಲಿಕೇಶನ್. ಕಟ್ಟಕಡೆಗೆ ಜನ ಬರುವ ಬಾಗಿಲು. ಈ ಕ್ರಮ ಯಾವ ಪುಸ್ತಕದಲ್ಲೂ ನಿನ್ನ ಆಫೀಸಿನ ಹೆಸರು ಹಾಕಿ ಬರೆದಿರುವುದಿಲ್ಲ. ನೀನೇ ಕೇಳಿ ತಿಳಿಯಬೇಕು, ಅದರಲ್ಲೂ ಹತ್ತು ವರ್ಷದಿಂದ ಅದೇ ಮೂಲೆಯಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುವ ಆ ಹಿರಿಯ ಸಹೋದ್ಯೋಗಿಯ ಬಳಿ.

ಕೊಚ್ಚಿಯಲ್ಲಿ ಇದ್ದುಕೊಂಡು ನೀನು ಮರೆಯಬಾರದ ಒಂದು ಸಂಗತಿ 2018ರ ಆಗಸ್ಟಿನದು. ಪೆರಿಯಾರ್ ನದಿ ಉಕ್ಕಿ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣದೊಳಗೆ ನುಗ್ಗಿತು. ಇಡೀ ಜಗತ್ತಿನಲ್ಲೇ ಮೊದಲು ಪೂರ್ತಿ ಸೌರ ವಿದ್ಯುತ್ತಿನಿಂದ ನಡೆದ ನಿಲ್ದಾಣ ಎಂಬ ಹೆಸರು ಪಡೆದ ಜಾಗ, ಆಗಸ್ಟ್ 15ರಿಂದ 29ರ ತನಕ ಮುಚ್ಚಿತ್ತು. ದೊಡ್ಡ ವಿಮಾನಗಳು ತಿರುವನಂತಪುರಕ್ಕೂ ಕೋಳಿಕ್ಕೋಡಿಗೂ ಹೋದವು. ಆದರೆ ಕೊಚ್ಚಿ ನಗರಕ್ಕೆ? 1999ರಲ್ಲಿ ನೆಡುಂಬಾಶ್ಶೇರಿ ಶುರುವಾಗುವ ತನಕ ನಾಗರಿಕ ವಿಮಾನಗಳು ಇಳಿಯುತ್ತಿದ್ದದ್ದು ವಿಲ್ಲಿಂಗ್ಡನ್ ದ್ವೀಪದ ನೌಕಾನೆಲೆಯಲ್ಲಿ. ಆ ಹಳೆಯ ಓಡುದಾರಿಯನ್ನು ನೌಕಾಪಡೆ ಕೆಡದಂತೆ ಇಟ್ಟುಕೊಂಡಿತ್ತು, ದಿನವೂ ಬಳಸುತ್ತಿತ್ತು. ಆಗಸ್ಟ್ 20ರ ಬೆಳಿಗ್ಗೆ ಬೆಂಗಳೂರಿನಿಂದ ಹೊರಟ ಒಂದು ಸಣ್ಣ ಎಟಿಆರ್ ವಿಮಾನ ಅಲ್ಲಿ ಇಳಿಯಿತು.

ಅದರಲ್ಲಿ ಎರಡು ವಿಷಯ ಗಮನಿಸು. ಮೊದಲನೆಯದು, ಆ ಜಾಗ ಬಳಕೆಯಲ್ಲಿತ್ತು. ಬೀಗ ಹಾಕಿ ಬಿಟ್ಟಿದ್ದರೆ ಪ್ರವಾಹದ ವಾರದಲ್ಲಿ ಅದನ್ನು ಹೊಂದಿಸಿಕೊಳ್ಳಲು ಯಾರಿಗೂ ಆಗುತ್ತಿರಲಿಲ್ಲ. ನಿನ್ನ ಕಂಪನಿ ವಿಪತ್ತಿನ ಕಾಲಕ್ಕೆಂದು ದುಡ್ಡು ಕೊಟ್ಟು ಬೇರೆ ಊರಲ್ಲಿ ಇಟ್ಟ ಡಿಆರ್ ಸೈಟಿಗೆ ಕಳೆದ ವರ್ಷ ಯಾರಾದರೂ ಲಾಗಿನ್ ಆಗಿದ್ದಾರೆಯೇ, ಕೇಳಿ ನೋಡು. ಎರಡನೆಯದು, ಅಲ್ಲಿಗೆ ದೊಡ್ಡ ಜೆಟ್‌ಗಳನ್ನು ತರಲು ಹೋಗಲಿಲ್ಲ. ಸಣ್ಣ ವಿಮಾನ, ಕಡಿಮೆ ಹಾರಾಟ, ಬೇಕೇಬೇಕಾದಷ್ಟು. ನಿನಗೆ ಎಲ್ಲವನ್ನೂ ಮೊದಲಿದ್ದ ಹಾಗೇ ಒಂದೇ ರಾತ್ರಿ ನಿಲ್ಲಿಸಬೇಕು ಎಂಬ ಹಠ. ಬೇಡ. ಸಂಬಳದ ವಿಎಂ ಬೇಕು, ಬಿಲ್ಲಿನ ವಿಎಂ ಬೇಕು, ಆಸ್ಪತ್ರೆಯಾದರೆ ರೋಗಿಯ ಕಡತ ಬೇಕು. ಮಾರ್ಕೆಟಿಂಗಿನವರ ವರದಿ ಮುಂದಿನ ವಾರ ಬರಲಿ. ಯಾವುದು ಮೊದಲು ಎಂಬ ಪಟ್ಟಿಯನ್ನು ಇಂದೇ, ಯಾರೂ ಕೂಗದಿರುವಾಗ, ದೊಡ್ಡವರ ಸಹಿ ಹಾಕಿಸಿ ಇಟ್ಟುಕೋ. ಸಹಿ ಇಲ್ಲದ ಪಟ್ಟಿ ಆ ರಾತ್ರಿ ನಿಲ್ಲುವುದಿಲ್ಲ, ಪ್ರತಿಯೊಬ್ಬರೂ ತಮ್ಮದೇ ಮೊದಲು ಎನ್ನುತ್ತಾರೆ.

ಪ್ರತಿ ಎಲ್ಲಿಡಬೇಕು ಎಂಬ ಚರ್ಚೆ ಬಂದಾಗ ಕೊಚ್ಚಿಯದ್ದನ್ನು ತಿರುವನಂತಪುರದಲ್ಲಿ, ತಿರುವನಂತಪುರದ್ದನ್ನು ಕೊಚ್ಚಿಯಲ್ಲಿ ಎನ್ನುತ್ತಾರೆ. ಒಂದೇ ಕಟ್ಟಡದಲ್ಲಿ ಇಡುವುದಕ್ಕಿಂತ ಸಾವಿರ ಪಾಲು ಮೇಲು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಮಹಡಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ ಅನ್ನೂ ಅಲ್ಲೇ ಇಟ್ಟವರು ಎರಡನ್ನೂ ಕಳೆದುಕೊಂಡರು. ಆದರೆ ನಮ್ಮ ಎರಡು ಊರುಗಳ ಮೇಲೆ ಸುರಿಯುವ ಮಳೆ ಒಂದೇ, ತಂತಿ ಎಳೆದ ವಿದ್ಯುತ್ ಮಂಡಳಿ ಒಂದೇ. ಮೂರನೆಯದೊಂದು ಪ್ರತಿ ಘಟ್ಟ ದಾಟಿ ಹೋಗಲಿ. ಊರಷ್ಟೇ ಬೇರೆಯಾದರೆ ಸಾಲದು, ಖಾತೆಯೂ ಬೇರೆಯಿರಲಿ. ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿ ಎರಡು ಕಡೆ ಪ್ರತಿ ಇಟ್ಟುಕೊಂಡಿತ್ತು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡಿನ ಒಂದು ಸಂರಚನೆಯ ತಪ್ಪಿನಿಂದ ಅವರ ಖಾಸಗಿ ಕ್ಲೌಡ್ ಚಂದಾದಾರಿಕೆಯೇ ಅಳಿದು ಎರಡೂ ಕಡೆಯದ್ದು ಒಟ್ಟಿಗೆ ಹೋಯಿತು. ಅವರು ಬೇರೊಂದು ಕಂಪನಿಯ ಬಳಿ ಇನ್ನೊಂದು ಬ್ಯಾಕಪ್ ಇಟ್ಟಿದ್ದರು, ಅದು ಕೈ ಹಿಡಿಯಿತು.

“ನಮ್ಮ ದತ್ತಾಂಶ ತುಂಬಾ ದೊಡ್ಡದು, ಪ್ರತಿ ಇಡಲು ಖರ್ಚು ಜಾಸ್ತಿ” ಎನ್ನುವವರೂ ಇದ್ದಾರೆ. ದಕ್ಷಿಣ ಕೊರಿಯಾ ಸರ್ಕಾರದ ಜಿ-ಡ್ರೈವ್ ಎಂಬ ಕಡತ ಭಂಡಾರದ ವಿಷಯದಲ್ಲೂ ಇದೇ ಮಾತಾಗಿತ್ತು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಜಿ-ಡ್ರೈವಿನಲ್ಲಿ ಸರ್ಕಾರಿ ನೌಕರರು ಇಟ್ಟಿದ್ದ 858 ಟೆರಾಬೈಟ್ ಹೋಯಿತು, ಹೊರಗೆ ಪ್ರತಿಯೇ ಇರಲಿಲ್ಲ.

ಬೇರೆಬೇರೆ ಊರಿನಲ್ಲಿ ಪ್ರತಿ ಇಡುವುದು ಹೊಸ ವಿದ್ಯೆಯೇನಲ್ಲ. ತಿರುವನಂತಪುರದ ಟೆಕ್ನೋಪಾರ್ಕಿನ ಪಕ್ಕದಲ್ಲೇ, ಕಾರ್ಯವಟ್ಟದ ವಿಶ್ವವಿದ್ಯಾಲಯದ ಆವರಣದಲ್ಲಿ, ತಾಳೆಗರಿಗಳ ದೊಡ್ಡ ಭಂಡಾರವಿದೆ. ರಜೆಯ ದಿನ ಹೋಗಿ ನೋಡು. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತು ಎಂದು ತಿಳಿದಿದ್ದ ಕಾಲದಲ್ಲಿ, 1905ರಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಅದರ ಓಲೆಪ್ರತಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಮುಂದೆ 1924–25ರಲ್ಲಿ ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಕೇರಳದಲ್ಲಿ ಉಳಿದಿದ್ದ ಓಲೆಗಳನ್ನು ಹಿಡಿದು ಅದೇ ಗ್ರಂಥವನ್ನು ಪರಿಷ್ಕರಿಸಿ ತಂದರು. ಮೈಸೂರಿನ ಪ್ರತಿಯಲ್ಲಿ ಅಸ್ಪಷ್ಟವಾಗಿದ್ದದ್ದನ್ನು ಕೇರಳದ ಪ್ರತಿಯ ಜೊತೆ ಹೋಲಿಸಿ ನೋಡಲು ಸಾಧ್ಯವಾಯಿತು. ಯಾರೋ ಹೆಸರಿಲ್ಲದ ಲಿಪಿಕಾರರು ಬೇರೆಬೇರೆ ಊರುಗಳಲ್ಲಿ, ಬೇರೆಬೇರೆ ಲಿಪಿಗಳಲ್ಲಿ ಕೂತು ಬರೆದಿಟ್ಟದ್ದರ ಫಲ ಅದು. ಅವರ ತಾಳ್ಮೆಯ ಹತ್ತರಲ್ಲಿ ಒಂದು ಪಾಲು ನಿನಗಿದ್ದರೆ ಸಾಕು, ನಿನ್ನ ಸ್ಕ್ರಿಪ್ಟು ಉಳಿದದ್ದನ್ನು ಮಾಡುತ್ತದೆ.

ಕೆಲವೊಮ್ಮೆ ಸರ್ವರ್ ತಾನಾಗಿ ಬೀಳುವುದಿಲ್ಲ, ಬೀಳಿಸುತ್ತಾರೆ. 2024ರ ಏಪ್ರಿಲ್ ಕೊನೆಯಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ವಿಕಿರಣ ಚಿಕಿತ್ಸೆಗೆ ಅಡಚಣೆಯಾಯಿತು. ಇಂಥ ಹೊತ್ತಿನಲ್ಲಿ ತೀರಾ ಹೊಸ ಬ್ಯಾಕಪ್ ಎತ್ತಿ ಎಬ್ಬಿಸಲು ಹೋಗಬೇಡ. ಕಳ್ಳ ಒಳಗೆ ಬಂದು ಎಷ್ಟು ದಿನವಾಯಿತೋ, ಆ ಬ್ಯಾಕಪ್ಪಿನ ಒಳಗೇ ಅವನಿರಬಹುದು. ಬಿದ್ದ ವಿಎಂಗಳ ಡಿಸ್ಕನ್ನು ಸಾಕ್ಷಿಗಾಗಿ ಹಾಗೇ ಇಡು. ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಇಂಥ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ಇಟ್ಟಿರಬೇಕು. ಮುಚ್ಚಿಡೋಣ ಎಂದು ಯಾರಾದರೂ ಮೇಲಿನವರು ಹೇಳಿದರೆ ಈ ಮಾತನ್ನು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳು.

ಆ ಕಡೆ ಕಾಯುತ್ತಿರುವವರು ಯಾರು ಎಂಬುದು ನಿನ್ನ ಕಣ್ಣೆದುರಿಗೆ ಇರಲಿ. ಬದಿಯಡ್ಕದ ಅಕ್ಷಯ ಕೇಂದ್ರದ ಬೆಂಚಿನ ಮೇಲೆ ಮಗಳ ಪ್ರವೇಶಕ್ಕೆ ಆದಾಯ ಪ್ರಮಾಣಪತ್ರ ಬೇಕೆಂದು ಕುಳಿತ ತಾಯಿ ಇರಬಹುದು. ಅವಳಿಗೆ ವಿಎಂ ಗೊತ್ತಿಲ್ಲ, ಹೋಸ್ಟ್ ಗೊತ್ತಿಲ್ಲ. “ಸರ್ವರ್ ಡೌನ್, ನಾಳೆ ಬನ್ನಿ” ಎನ್ನುವುದಷ್ಟೇ ಅವಳಿಗೆ ತಲುಪುವುದು. ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಅವಳದು. ಆದ್ದರಿಂದ ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಹೊರಗೆ ಹೇಳು. “ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ” ಎಂಬುದು ನಿಮ್ಮ ತಲೆಮಾರಿನ ಅತಿ ದೊಡ್ಡ ಸುಳ್ಳು. ಬಾಯಿ ತಪ್ಪಿಯೂ ಆಡಬೇಡ. “ಏನಾಗಿದೆ ನೋಡುತ್ತಿದ್ದೇವೆ, ಒಂದು ಗಂಟೆಗೆ ಮತ್ತೆ ತಿಳಿಸುತ್ತೇವೆ” ಎನ್ನು. ಒಂದು ಗಂಟೆಗೆ ಹೊಸ ಸುದ್ದಿ ಇಲ್ಲದಿದ್ದರೂ ತಿಳಿಸು. ನೀನು ನಿಜ ಹೇಳಿದರೆ ಆ ತಾಯಿ ಮನೆಗಾದರೂ ಹೋಗುತ್ತಾಳೆ.

ಒಬ್ಬನೇ ವೀರನಾಗಲು ಹೋಗಬೇಡ. ಇಬ್ಬರಿರಲಿ. ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ಸಮಯ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಯಾವ ಆಜ್ಞೆ, ಯಾವ ಯಂತ್ರದ ಮೇಲೆ, ಏನು ಉತ್ತರ ಬಂತು. ಎಂಟರ್ ಒತ್ತುವ ಮೊದಲು ಯಂತ್ರದ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿ. ಗಿಟ್‌ಲ್ಯಾಬಿನ ಆ ರಾತ್ರಿಗೆ ಅಷ್ಟೇ ಸಾಕಿತ್ತು. ಕೆಲಸಕ್ಕೆ ಕೂತು ಹನ್ನೆರಡು ತಾಸು ದಾಟಿದರೆ ಇನ್ನೊಬ್ಬರಿಗೆ ಒಪ್ಪಿಸಿ ಮಲಗು. ಊಟ ಮಾಡು. ಹಸಿದವನ ಕೈಯಲ್ಲಿ ಅಳಿಸುವ ಅಧಿಕಾರ ಇರಬಾರದು.

ಈಗ ನೀನು ಕೇಳುತ್ತೀ, ಇದೆಲ್ಲ ಯಾವಾಗ ಕಲಿಯುವುದು ಎಂದು. ನನ್ನ ಉತ್ತರ ಒಂದೇ. ಬ್ಯಾಕಪ್ ಇದೆ ಎಂದು ಹೇಳುವವರನ್ನು ನಂಬಬೇಡ, ರಿಸ್ಟೋರ್ ಮಾಡಿ ತೋರಿಸಿದವರನ್ನು ನಂಬು. ಈ ಶನಿವಾರ ನಿನ್ನ ವಿಎಂಗಳಲ್ಲಿ ಒಂದನ್ನು ಆರಿಸಿಕೋ, ತೀರಾ ಮುಖ್ಯವಲ್ಲದ್ದಾದರೂ ಅಡ್ಡಿಯಿಲ್ಲ. ಅದರ ಬ್ಯಾಕಪ್ಪನ್ನು ಹೊರಜಗತ್ತಿಗೆ ತಾಗದ ಬೇರೊಂದು ನೆಟ್‌ವರ್ಕಿನಲ್ಲಿ ಎಬ್ಬಿಸು. ಡೇಟಾಬೇಸ್ ತೆರೆದು ಶುಕ್ರವಾರದ ಕೊನೆಯ ದಾಖಲೆ ಇದೆಯೇ ನೋಡು. ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಿಡು. ಎಲ್ಲಿ ತಡವರಿಸಿದೆ, ಯಾವ ಪಾಸ್‌ವರ್ಡ್ ಸಿಗಲಿಲ್ಲ, ಯಾರನ್ನು ಕೇಳಬೇಕಾಯಿತು, ಅದನ್ನೂ ಬರೆ. ಭಾನುವಾರ ಬೆಳಿಗ್ಗೆ ಫೋನು ಮಾಡಿ ನನಗೆ ಓದಿ ಹೇಳು.